ಚಕ್ರದ ಪೆಟ್ಟೋ, ಹಳಿಯ ದೋಷವೋ?

ಜಪಾನಿನಲ್ಲಿ ‘ಡಾಕ್ಟರ್ ಯೆಲ್ಲೋ’ ಎಂಬ ಹಳದಿ ರೈಲು ಕಣ್ಣಿಗೆ ಬಿದ್ದರೆ ಅದೃಷ್ಟ ಎಂದು ಜನ ನಂಬುತ್ತಾರೆ. ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲುಗಳ ಹಳಿಗಳನ್ನು ಸುಮಾರು ಹತ್ತು ದಿನಗಳಿಗೊಮ್ಮೆ, ಗಂಟೆಗೆ 270 ಕಿ.ಮೀ. ವೇಗದಲ್ಲಿ ಓಡುತ್ತಲೇ ಪರೀಕ್ಷಿಸುತ್ತಿದ್ದ ಅಂಥ ಎರಡು ರೈಲುಗಳಲ್ಲಿ ಒಂದು 2025ರ ಜನವರಿಯಲ್ಲಿ ನಿವೃತ್ತವಾಯಿತು. ಅದರ ಕೆಲಸ ಪ್ರಯಾಣಿಕರನ್ನು ಹೊತ್ತೊಯ್ಯುವ ಎನ್700ಎಸ್ ರೈಲುಗಳ ಪಾಲಿಗೆ ಬರಲಿದೆ. ಇದು ವಿವೇಕದ ನಿರ್ಧಾರ. ಹಳಿ ಇಂದು ಹೇಗಿದೆ ಎನ್ನುವುದಕ್ಕಿಂತ ಎಷ್ಟು ಬೇಗ ಕೆಡುತ್ತಿದೆ ಎನ್ನುವುದು ಮುಖ್ಯ. ಅದನ್ನು ಹೇಳಬಲ್ಲದ್ದು ಅದೇ ದಾರಿಯಲ್ಲಿ ಮತ್ತೆ ಮತ್ತೆ ಓಡುವ ರೈಲು.

ಇದಕ್ಕೆ ಬೇಕಾದ ಮುಖ್ಯ ಉಪಕರಣ ಅದುರನ್ನೂ ತೂಗಾಟವನ್ನೂ ಅಳೆಯುವ ಆಕ್ಸಿಲರೋಮೀಟರ್. ಮೊಬೈಲ್ ಅಡ್ಡ ಹಿಡಿದಾಗ ಪರದೆ ತಿರುಗುವುದೂ ಇದರಿಂದಲೇ. ಆದರೆ ರೈಲಿನಲ್ಲಿ ಅದನ್ನು ಎಲ್ಲಿ ಕೂರಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಹಳಿಯ ಮೇಲ್ಮೈ 5 ಸೆಂ.ಮೀ.ಗೊಂದರಂತೆ ಅಲೆಯಲೆಯಾಗಿ ಸವೆದಿದ್ದರೆ ಚಕ್ರ ಸೆಕೆಂಡಿಗೆ 500 ಬಾರಿ ಅದುರುತ್ತದೆ. ಈ ಅದುರು ಬೋಗಿಯನ್ನು ತಲುಪುವ ಮೊದಲೇ ಸ್ಪ್ರಿಂಗ್‌ಗಳು ನುಂಗಿಬಿಡುತ್ತವೆ. ಹಾಗಾಗಿ ಈ ಸಂವೇದಕ ಚಕ್ರದ ಅಚ್ಚಿನ ತುದಿಯನ್ನು ಹಿಡಿದಿಡುವ ಪೆಟ್ಟಿಗೆಯ (ಆಕ್ಸಲ್ ಬಾಕ್ಸ್) ಮೇಲೆಯೇ ಇರಬೇಕು. ಜಲ್ಲಿ ಕುಸಿದು ಹಳಿ 12.5 ಮೀಟರ್ ಉದ್ದಕ್ಕೆ ತಗ್ಗಿದ್ದರೆ ಸೆಕೆಂಡಿಗೆ ಎರಡೇ ತೂಗಾಟ. ಅದನ್ನು ಬೋಗಿಯ ನೆಲದ ಮೇಲೇ ಹಿಡಿಯಬಹುದು. ಭಾರತೀಯ ರೈಲ್ವೆಯ ಎಂಜಿನಿಯರುಗಳು ಓಡುವ ರೈಲಿನ ಬೋಗಿಯಲ್ಲಿ ಸಾಗಿಸಬಲ್ಲ ಉಪಕರಣವಿಟ್ಟು ಈ ತೂಗಾಟವನ್ನು ಅಳೆಯುತ್ತಾರೆ.

ನನಗೆ ಅತ್ಯಂತ ಸೊಗಸೆನಿಸುವುದು ಇದರ ಪತ್ತೇದಾರಿಕೆ. ಪೆಟ್ಟು ಬಿದ್ದದ್ದು ಹಳಿಯ ದೋಷದಿಂದಲೋ, ಒಂದು ಕಡೆ ಚಪ್ಪಟೆಯಾದ ಚಕ್ರದಿಂದಲೋ? 915 ಮಿ.ಮೀ. ವ್ಯಾಸದ ಚಕ್ರ ಒಂದು ಸುತ್ತಿಗೆ ಸುಮಾರು 2.87 ಮೀಟರ್ ಸಾಗುತ್ತದೆ. ಅಷ್ಟು ದೂರಕ್ಕೊಮ್ಮೆ, ದಾರಿಯುದ್ದಕ್ಕೂ ಪೆಟ್ಟು ಮರುಕಳಿಸಿದರೆ ತಪ್ಪು ಚಕ್ರದ್ದು. ಬೇರೆ ಬೇರೆ ರೈಲುಗಳ ಬೇರೆ ಬೇರೆ ಚಕ್ರಗಳು ಒಂದೇ ಜಾಗದಲ್ಲಿ ಅದುರಿದರೆ ತಪ್ಪು ಹಳಿಯದು. ಜಾಗ ಗುರುತಿಸುವುದೂ ಸುಲಭವಲ್ಲ: ಸುರಂಗದಲ್ಲಿ ಜಿಪಿಎಸ್ ಸಿಗದು, ಚಕ್ರದ ಸುತ್ತುಗಳನ್ನು ಎಣಿಸೋಣವೆಂದರೆ ಚಕ್ರ ಜಾರುತ್ತದೆ. ಆಗ ಹಿಂದಿನ ಓಟಗಳ ದಾಖಲೆಯೊಂದಿಗೆ ಇಂದಿನದನ್ನು ಹೊಂದಿಸಿ ನೋಡಬೇಕು.

ಹಳಿಯೊಳಗಿನ ಬಿರುಕು ಮಾತ್ರ ಈ ಅದುರಿನಲ್ಲಿ ಕಾಣುವುದು ಕಷ್ಟ. ಅದಕ್ಕೆ ಶ್ರವಣಾತೀತ (ಅಲ್ಟ್ರಾಸೌಂಡ್) ಪರೀಕ್ಷೆಯೇ ಬೇಕು. ಅಳೆದದ್ದು ದುರಸ್ತಿ ಮಾಡುವವರ ಕೆಲಸದ ಪಟ್ಟಿಗೂ ತಲುಪಬೇಕು. 2000ದ ಅಕ್ಟೋಬರ್ 17ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನಲ್ಲಿ ಹಳಿ ಚೂರುಚೂರಾಗಿ ನಾಲ್ವರು ಸತ್ತರು. ಅಲ್ಲಿನ ಬಿರುಕುಗಳು ಮೊದಲೇ ಪತ್ತೆಯಾಗಿದ್ದವು. ಹಳಿಯನ್ನು ಬದಲಿಸಿರಲಿಲ್ಲ.