ಏನೂ ಮಾಡದಿರುವುದೇ ಇದರ ಕೆಲಸ

ಸ್ಟೀಲ್ ಗೇಟು, ಮೆಟ್ಟಿಲಿನ ರೇಲಿಂಗ್ ಮಾಡುವ ಅಂಗಡಿಯಲ್ಲಿ ಒಂದು ವಿಷಯ ಗಮನಿಸಿ. ಎಂಥಾ ಸೆಕೆ ಇದ್ದರೂ ವೆಲ್ಡಿಂಗ್ ಶುರುವಾಗುವ ಮೊದಲು ಫ್ಯಾನ್ ಆಫ್ ಮಾಡುತ್ತಾರೆ. ಮಾಮೂಲಿ ಕಬ್ಬಿಣದ ಗ್ರಿಲ್ಲಿಗೆ ಈ ಕಟ್ಟುಪಾಡಿಲ್ಲ. ರಾಡ್ ಹಿಡಿದು, ಕಿಡಿ ಹಾರಿಸುತ್ತಾ, ರಸ್ತೆ ಬದಿಯಲ್ಲೇ ಕೂತು ಮುಗಿಸಿಬಿಡುತ್ತಾರೆ. ಸ್ಟೇನ್‌ಲೆಸ್ ಸ್ಟೀಲ್ ಬಂದಾಗ ಮಾತ್ರ "ಇದಕ್ಕೆ ಆರ್ಗಾನ್ ವೆಲ್ಡಿಂಗೇ ಆಗ್ಬೇಕು ಸಾರ್" ಅಂತಾರೆ, ರೇಟೂ ಜಾಸ್ತಿ ಹೇಳ್ತಾರೆ.

ಮೂಲೆಯಲ್ಲಿ ನಿಂತಿರುವ ಸಿಲಿಂಡರಿನಿಂದ ಪೈಪೊಂದು ಟಾರ್ಚಿಗೆ ಬಂದಿರುತ್ತದೆ. ಟಾರ್ಚಿನ ತುದಿಯಲ್ಲಿ ಸೂಜಿಯಂಥ ಟಂಗ್‌ಸ್ಟನ್, ಅದರ ಸುತ್ತ ಪಿಂಗಾಣಿಯ ಪುಟ್ಟ ನಳಿಗೆ. ಸೂಜಿಯಿಂದ ವಿದ್ಯುತ್ತಿನ ಬೆಂಕಿ ಚಿಮ್ಮಿ ಸ್ಟೀಲು ಕರಗುವಾಗ ನಳಿಗೆಯಿಂದ ಆರ್ಗಾನ್ ಎಂಬ ಅನಿಲ ಮೆಲ್ಲಗೆ ಹರಿದು ಆ ಜಾಗವನ್ನು ಮುಚ್ಚಿಕೊಳ್ಳುತ್ತದೆ. ಆರ್ಗಾನ್ ಗಾಳಿಗಿಂತ ಭಾರ. ಹಾಗಾಗಿ ಬೇಗ ಚದುರದೆ ಅಲ್ಲೇ ಕೂರುತ್ತದೆ. ಫ್ಯಾನ್ ಗಾಳಿ ಬಡಿದರೆ ಆ ಹೊದಿಕೆ ಹಾರಿಹೋಗಿ ಆಮ್ಲಜನಕ ಒಳಗೆ ನುಗ್ಗುತ್ತದೆ, ಬೆಸುಗೆ ಕಪ್ಪಗಾಗುತ್ತದೆ. ಪಳಗಿದ ಕೈಯವರು ಬೆಂಕಿ ಆರಿದ ಮೇಲೂ ಟಾರ್ಚ್ ಎತ್ತುವುದಿಲ್ಲ. ಕೆಲವು ಸೆಕೆಂಡು ಹಾಗೇ ಹಿಡಿದಿರುತ್ತಾರೆ. ಕೆಂಪಗೆ ಕಾದ ಲೋಹ ಆರುವವರೆಗೂ ಕಾವಲು ಬೇಕಲ್ವಾ?

ಕಾವಲಿಗೆ ಸಾರಜನಕ ಸಾಲದೇ? ಚಿಪ್ಸ್ ಪ್ಯಾಕೆಟ್ಟಿನಲ್ಲಿ ಅದೇ ತಾನೇ ತುಂಬಿರುವುದು, ಎಣ್ಣೆ ಕಮಟಾಗದಂತೆ? ಪ್ಯಾಕೆಟ್ಟಿಗೆ ಸಾಕು, ವೆಲ್ಡಿಂಗಿಗೆ ಸಾಲದು. ಆ ಬಿಸಿಯಲ್ಲಿ ಸಾರಜನಕದ ಅಣುವೂ ಒಡೆದು ಕರಗಿದ ಲೋಹದೊಳಗೆ ಸೇರಿಕೊಳ್ಳುತ್ತದೆ. ಆರ್ಗಾನ್ ಅಲ್ಲೂ ಜಪ್ಪಯ್ಯ ಅನ್ನುವುದಿಲ್ಲ. ಅದರ ಹೊರಗಿನ ಎಲೆಕ್ಟ್ರಾನ್ ಕವಚ ಭರ್ತಿಯಾಗಿದೆ. ಕೊಡುವುದೂ ಬೇಡ, ಪಡೆಯುವುದೂ ಬೇಡ. 2000ದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಅತಿ ಶೀತದಲ್ಲಿ ಅದನ್ನು ಫ್ಲೋರಿನ್ ಮತ್ತು ಹೈಡ್ರೋಜನ್ ಜೊತೆ ಹೇಗೋ ಕೂಡಿಸಿದರು. ಸ್ವಲ್ಪ ಬೆಚ್ಚಗಾದರೆ ಆ ಜೊತೆಯೂ ಮುರಿದುಬೀಳುತ್ತದೆ.

ಇದೇನೂ ಎಲ್ಲೋ ಅಪರೂಪಕ್ಕೆ ಸಿಗುವ ಅನಿಲ ಅಲ್ಲ. ಒಣಗಾಳಿಯಲ್ಲಿ ಸಾರಜನಕ ಶೇ. 78, ಆಮ್ಲಜನಕ ಶೇ. 21. ಮೂರನೇ ಸ್ಥಾನ ಆರ್ಗಾನಿನದು, ಶೇ. 0.93. ಇಷ್ಟೊಂದು ಸುದ್ದಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಇರುವುದು ಬರೀ ಶೇ. 0.04. ನೀವು ಒಮ್ಮೆ ಉಸಿರೆಳೆದಾಗ ಹೆಚ್ಚುಕಮ್ಮಿ ಒಂದು ಟೀ ಚಮಚದಷ್ಟು ಆರ್ಗಾನ್ ಒಳಗೆ ಹೋಗಿ, ಹೋದ ಹಾಗೆಯೇ ಹೊರಗೆ ಬರುತ್ತದೆ.

ಇಷ್ಟಿದ್ದರೂ 1894ರವರೆಗೆ ಅದನ್ನು ಯಾರೂ ಗುರುತಿಸಿರಲಿಲ್ಲ. ಹತ್ತಿರ ಹೋಗಿದ್ದವರು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್. 1785ರಲ್ಲಿ ಅವರು ಗಾಳಿಗೆ ಇನ್ನಷ್ಟು ಆಮ್ಲಜನಕ ಸೇರಿಸಿ, ವಿದ್ಯುತ್ ಕಿಡಿ ಹಾಯಿಸಿ ಹಾಯಿಸಿ ಸಾರಜನಕವನ್ನೆಲ್ಲ ಮುಗಿಸಲು ನೋಡಿದರು. ಕೊನೆಗೆ ಸಣ್ಣದೊಂದು ಗುಳ್ಳೆ ಹಟ ಹಿಡಿದು ಉಳಿಯಿತು. ಮೊದಲಿದ್ದ ಸಾರಜನಕದ 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ ಅಂತ ಬರೆದಿಟ್ಟರು. ಆ ಸಾಲು ನೂರು ವರ್ಷಕ್ಕೂ ಮಿಕ್ಕಿ ಸುಮ್ನೆ ಬಿದ್ದಿತ್ತು.

ಆಮೇಲೆ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀ ಅನಿಲಗಳನ್ನು ತೂಗಲು ಕೂತರು. ಗಾಳಿಯಿಂದ ತೆಗೆದ ಸಾರಜನಕ ಅವರ ಗಾಜಿನ ಬುರುಡೆಯಲ್ಲಿ 2.310 ಗ್ರಾಂ ತೂಗಿತು. ಅಮೋನಿಯಾದಂಥ ರಾಸಾಯನಿಕಗಳಿಂದ ಮಾಡಿದ ಸಾರಜನಕ 2.299 ಗ್ರಾಂ. ವ್ಯತ್ಯಾಸ ಶೇ. ಅರ್ಧ. ನಮ್ಮಂಥವರಾದರೆ ತಕ್ಕಡಿ ಸರಿಯಿಲ್ಲ ಅಂತ ಬಿಡುತ್ತಿದ್ದೆವು. ಅವರು ಮತ್ತೆ ಮತ್ತೆ ತೂಗಿದರು, 1892ರಲ್ಲಿ 'ನೇಚರ್' ಪತ್ರಿಕೆಗೆ ಕಾಗದ ಬರೆದು ಯಾರಿಗಾದರೂ ಕಾರಣ ಹೊಳೆಯುತ್ತದಾ ಅಂತ ಕೇಳಿದರು. ರಸಾಯನವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಕೈಜೋಡಿಸಿದರು. ಕಾದ ಮೆಗ್ನೀಸಿಯಂ ಮೇಲೆ ಗಾಳಿಯ ಸಾರಜನಕವನ್ನು ಸಾಗಿಸಿದರೆ ಮೆಗ್ನೀಸಿಯಂ ಅದನ್ನು ಹೀರಿಕೊಳ್ಳುತ್ತದೆ. ಹೀರಿ ಮುಗಿದ ಮೇಲೂ ಉಳಿದದ್ದೇ ಆರ್ಗಾನ್. ಗಾಳಿಯ ಸಾರಜನಕದಲ್ಲಿ ಬೆರೆತು ತೂಕ ಹೆಚ್ಚಿಸಿದ್ದೂ ಅದೇ. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ರೇಲೀಗೆ ಭೌತವಿಜ್ಞಾನದಲ್ಲಿ, ರ‍್ಯಾಮ್ಸೆಗೆ ರಸಾಯನವಿಜ್ಞಾನದಲ್ಲಿ.

ಇವತ್ತು ಆರ್ಗಾನನ್ನು ಗಾಳಿಯಿಂದಲೇ ಬೇರ್ಪಡಿಸುತ್ತಾರೆ. ಗಾಳಿಯನ್ನು ತಣ್ಣಗೆ ಮಾಡಿ ದ್ರವವಾಗಿಸಿ, ಎತ್ತರದ ಗೋಪುರದಲ್ಲಿ ಕುದಿಸುತ್ತಾರೆ. ಸಾರಜನಕ ಕುದಿಯುವುದು ಮೈನಸ್ 196 ಡಿಗ್ರಿಗೆ, ಆರ್ಗಾನ್ ಮೈನಸ್ 186ಕ್ಕೆ, ಆಮ್ಲಜನಕ ಮೈನಸ್ 183ಕ್ಕೆ. ಕೊನೆಯ ಎರಡರ ನಡುವೆ ಮೂರೇ ಡಿಗ್ರಿ ಅಂತರ, ಕಷ್ಟವೆಲ್ಲ ಅಲ್ಲೇ. ತೋರಣಗಲ್ಲಿನಂಥ ದೊಡ್ಡ ಉಕ್ಕಿನ ಕಾರ್ಖಾನೆಗಳಿಗೆ ಆಮ್ಲಜನಕ ಹೇಗೂ ರಾಶಿಗಟ್ಟಲೆ ಬೇಕು. ಅದರ ಜೊತೆಗೇ ಆರ್ಗಾನೂ ಸಿಗುತ್ತದೆ. 2021ರ ಕೋವಿಡ್ ಅಲೆಯಲ್ಲಿ ಆಮ್ಲಜನಕ ಸಾಗಿಸಲು ಟ್ಯಾಂಕರ್ ಸಾಲದೆ, ಆರ್ಗಾನ್, ಸಾರಜನಕದ ಟ್ಯಾಂಕರುಗಳನ್ನೇ ಬದಲಾಯಿಸಿ ಬಳಸಿದ್ದು ನೆನಪಿರಬಹುದು.

ಏನೂ ಮಾಡುವುದಿಲ್ಲ ಅಂದಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ಟ್ಯಾಂಕಿನೊಳಗೋ ಗುಂಡಿಯೊಳಗೋ ಇಳಿದು ವೆಲ್ಡಿಂಗ್ ಮಾಡುವಾಗ ಆರ್ಗಾನ್ ತಳದಲ್ಲಿ ತುಂಬಿಕೊಂಡು ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರುಗಟ್ಟಿದ ಹಾಗೂ ಅನಿಸುವುದಿಲ್ಲ. ಆ ಸಂಕಟ ಮುಖ್ಯವಾಗಿ ಬರುವುದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ, ಇಲ್ಲಿ ಅದು ಏರುವುದೇ ಇಲ್ಲ. ಮನುಷ್ಯ ಏನೂ ಗೊತ್ತಾಗದೆ ಕುಸಿದುಬೀಳುತ್ತಾನೆ. ಕಾಪಾಡಲು ಇಳಿದವನದೂ ಅದೇ ಗತಿ. ಸಣ್ಣ ವರ್ಕ್‌ಶಾಪುಗಳಲ್ಲಿ ಇದನ್ನು ಯಾರಾದರೂ ಕೂರಿಸಿ ಹೇಳಬೇಕು.

ಇನ್ನು ರ‍್ಯಾಮ್ಸೆ ಅಲ್ಲಿಗೇ ನಿಲ್ಲಲಿಲ್ಲ. ಯುರೇನಿಯಂ ಇರುವ ಒಂದು ಅದಿರಿಗೆ ಆಮ್ಲ ಹಾಕಿದರೆ ಅನಿಲ ಬರುತ್ತದೆ ಎಂದು ಕೇಳಿ, ಅದರಲ್ಲೂ ಆರ್ಗಾನ್ ಇದೆಯೇನೋ ಅಂತ 1895ರಲ್ಲಿ ಹುಡುಕಿದರು. ಸಿಕ್ಕಿದ್ದು ಹೀಲಿಯಂ. ಕಾದ ಅನಿಲದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಒಂದೊಂದು ಧಾತುವಿಗೂ ಅದರದೇ ಗೆರೆಗಳು ಕಾಣುತ್ತವೆ. ಹೀಲಿಯಮ್ಮಿನ ಹಳದಿ ಗೆರೆ ಆ ಹೊತ್ತಿಗೆ 27 ವರ್ಷ ಹಳೆಯ ಒಗಟು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ಗುಂಟೂರಿನಿಂದ ಸೂರ್ಯನನ್ನು ನೋಡಿದ್ದು ಹಲವರಿಗೆ ಗೊತ್ತು. ಅದೇ ಗ್ರಹಣವನ್ನು ನಮ್ಮ ಜಮಖಂಡಿಯಿಂದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ನೋಡಿದ್ದರು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್‌ರ ಮೊಮ್ಮಗ. ಮೋಡದ ಕಾಟದ ನಡುವೆಯೂ ಸೂರ್ಯನ ಅಂಚಿನ ಜ್ವಾಲೆಯಲ್ಲಿ ಅವರಿಗೆ ಮೂರು ಗೆರೆ ಕಂಡವು, ಕೆಂಪು, ಕಿತ್ತಳೆ, ನೀಲಿ. ಕಿತ್ತಳೆ ಅಂದದ್ದೇ ಆ ಹಳದಿ ಗೆರೆ, ಅದನ್ನು ಸೋಡಿಯಂ ಗೆರೆ ಎಂದೇ ಎಣಿಸಿದರು. ಎರಡರ ನಡುವಿನ ಅಂತರ ಒಂದೆರಡು ನ್ಯಾನೊಮೀಟರ್, ಆ ಗಡಿಬಿಡಿಯಲ್ಲಿ ಎಡವಿದ್ದಕ್ಕೆ ಅವರನ್ನು ದೂರಲಾಗದು. ಅದು ಸೋಡಿಯಂ ಅಲ್ಲ ಅಂತ ಕೆಲವೇ ತಿಂಗಳಲ್ಲಿ ಖಗೋಳವಿಜ್ಞಾನಿ ಲಾಕ್ಯರ್ ಇಂಗ್ಲೆಂಡಿನಲ್ಲಿ ತೋರಿಸಿದರು.

ಹೀಲಿಯಮ್ಮಿಗೂ ಆರ್ಗಾನಿನ ಗುಣವೇ, ಆದರೆ ಹಣೆಬರಹ ಬೇರೆ. ಆರ್ಗಾನ್ ಭಾರವಾದ್ದರಿಂದ ಭೂಮಿಯಲ್ಲೇ ಉಳಿಯುತ್ತದೆ. ಹೀಲಿಯಂ ಹಗುರ, ಮೇಲೇರಿ ಅಂತರಿಕ್ಷಕ್ಕೆ ಸೋರಿಹೋಗುತ್ತದೆ. ಗಾಳಿಯಲ್ಲಿರುವುದು ಹತ್ತು ಲಕ್ಷದಲ್ಲಿ ಐದು ಪಾಲು. ಅದಕ್ಕೇ ಅದನ್ನು ನೆಲದಡಿಯ ನೈಸರ್ಗಿಕ ಅನಿಲದಿಂದ ತೆಗೆಯಬೇಕು, ಹೆಚ್ಚಾಗಿ ಅಮೆರಿಕ, ಕತಾರ್‌ಗಳಲ್ಲಿ. ಅಲ್ಲಿ ಅದು ಯುರೇನಿಯಂ, ಥೋರಿಯಂ ಕೋಟ್ಯಂತರ ವರ್ಷ ಕ್ಷಯಿಸಿ ಕೂಡಿಟ್ಟದ್ದು. ಆಸ್ಪತ್ರೆಯ ಎಂಆರ್‌ಐ ಯಂತ್ರದ ಅಯಸ್ಕಾಂತ ಮೈನಸ್ 269 ಡಿಗ್ರಿಯಲ್ಲಿ ತಣ್ಣಗಿರುವುದು ದ್ರವ ಹೀಲಿಯಮ್ಮಿನಿಂದ. ಹುಟ್ಟುಹಬ್ಬದ ಬಲೂನಿಗೆ ತುಂಬುವುದೂ ಅದನ್ನೇ. ಬಲೂನು ಒಡೆದ ಮೇಲೆ ಆ ಅನಿಲವನ್ನು ಮತ್ತೆ ಹಿಡಿದು ತರುವ ದಾರಿ ಇಲ್ಲ.