ಮಂಗಳನ ಮಣ್ಣಿಗೊಂದು ಪರೀಕ್ಷಾ ಚೀಟಿ

ಮೇ ತಿಂಗಳು ಬಂತೆಂದರೆ ಧಾರವಾಡದ ನಮ್ಮ ಮಣ್ಣು ಪರೀಕ್ಷಾ ಕೇಂದ್ರದ ಪಡಸಾಲೆಯಲ್ಲಿ ಚೀಲಗಳ ಸಾಲು ಬೆಳೆಯುತ್ತದೆ. ಮಳೆ ಹಿಡಿಯುವ ಮುಂಚೆ ಚೀಟಿ ಕೈ ಸೇರಬೇಕೆಂಬ ಅವಸರ ಎಲ್ಲರಿಗೂ. ಕಳೆದ ಬೇಸಿಗೆಯಲ್ಲಿ ನವಲಗುಂದ ಕಡೆಯ ರೈತರೊಬ್ಬರು ಎರೆಮಣ್ಣಿನ ಚೀಲದ ಜೊತೆಗೆ ಪಿಯುಸಿ ಓದುವ ಮಗನನ್ನೂ ಕರೆತಂದಿದ್ದರು. ಹೆಂಟೆ ಕುಟ್ಟಿ ಜರಡಿ ಹಿಡಿಯುವುದನ್ನೇ ನೋಡುತ್ತ ನಿಂತಿದ್ದ ಹುಡುಗ ಕೇಳಿದ: ‘ಸರ್, ಮಂಗಳ ಗ್ರಹದ ಮಣ್ಣು ತಂದುಕೊಟ್ಟರೆ ಚೀಟಿಯಲ್ಲಿ ಏನು ಬರೆಯುತ್ತೀರಿ?’

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಪರೀಕ್ಷೆ ಎಂದೋ ಆಗಿದೆ. 2008ರಲ್ಲಿ ಮಂಗಳನ ಉತ್ತರದ ಬಯಲಿನಲ್ಲಿ ಇಳಿದ ಫೀನಿಕ್ಸ್ ನೌಕೆ ಚಿಟಿಕೆ ಮಣ್ಣನ್ನು ಬಟ್ಟಲಿಗೆ ಹಾಕಿಕೊಂಡು, ಭೂಮಿಯಿಂದ ಒಯ್ದ ನೀರು ಬೆರೆಸಿ ಕಲಕಿ ಅಳೆಯಿತು. ನಾವು ದಿನವೂ ಮಾಡುವ ಕೆಲಸವೇ. ಮಣ್ಣಿನ ಹುಳಿ-ಕ್ಷಾರ ತಿಳಿಸುವ ರಸಸಾರ (ಪಿಎಚ್) ಸುಮಾರು 7.7. ಪೊಟ್ಯಾಶಿಯಂ, ಮೆಗ್ನೀಸಿಯಂ, ಸೋಡಿಯಂ ಎಲ್ಲವೂ ಇದ್ದವು. ಇಷ್ಟನ್ನೇ ತೋರಿಸಿದ್ದರೆ ಬೆಣ್ಣಿಹಳ್ಳದ ದಂಡೆಯ ಹೊಲವೆಂದುಕೊಂಡು ಕಡಲೆ ಬಿತ್ತಿ ಎಂದುಬಿಡುತ್ತಿದ್ದೆ. ಜೇಡಿಯಲ್ಲೂ ನೆಂಟಸ್ತಿಕೆ ಇದೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವುದಕ್ಕೂ, ಮಳೆಗೆ ಉಬ್ಬಿ ಕಾಲಿಗೆ ಮೆತ್ತುವುದಕ್ಕೂ ಕಾರಣ ಸ್ಮೆಕ್ಟೈಟ್ ಜಾತಿಯ ಜೇಡಿ. ಮಂಗಳನ ಗೇಲ್ ಕುಳಿಯಲ್ಲೂ ಅದೇ ಜಾತಿ ಸಿಕ್ಕಿದೆ.

ಫೀನಿಕ್ಸ್ ಬಟ್ಟಲಿನಲ್ಲಿ ಇನ್ನೊಂದು ವಸ್ತುವೂ ಕಂಡಿತು: ಪರ್ಕ್ಲೋರೇಟ್ ಲವಣ, ಸುಮಾರು ಶೇ 0.5. ರಾಕೆಟ್ ಇಂಧನಕ್ಕೆ, ಪಟಾಕಿಗೆ ಬಳಸುವ ಪದಾರ್ಥವಿದು. ಹೊಟ್ಟೆ ಸೇರಿದರೆ ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರಿಕೊಳ್ಳದಂತೆ ತಡೆಯುತ್ತದೆ.

0.5 ಎಂಬ ಅಂಕಿಗೆ ನನ್ನ ಮೇಜಿನ ಮೇಲೆ ಬೇರೆಯೇ ಅರ್ಥ. ಎಲೆ, ಗೊಬ್ಬರ ಕೊಳೆತು ಹೊಲದ ಮಣ್ಣಿಗೆ ಸೇರುವ ಸಾವಯವ ಇಂಗಾಲ ಶೇ 0.5ಕ್ಕಿಂತ ಇಳಿದರೆ ಚೀಟಿಯಲ್ಲಿ ‘ಕಡಿಮೆ’ ಎಂದು ಬರೆಯುತ್ತೇವೆ. ಅದನ್ನು ಅಳೆಯಲು ಡೈಕ್ರೋಮೇಟ್ ಮತ್ತು ಗಂಧಕಾಮ್ಲ ಎಂಬ ರಾಸಾಯನಿಕಗಳು ಬಿದ್ದ ಮಣ್ಣು ಫ್ಲಾಸ್ಕಿನಲ್ಲಿ ಬಿಸಿಯೇರುತ್ತದೆ. ಆರಿದ ಮೇಲೆ ಬ್ಯುರೆಟ್ಟಿನಿಂದ ಹನಿ ಹನಿಯಾಗಿ ಬಿಡುತ್ತ ಹೋದರೆ ಕಡುನೀಲಿ ಬಣ್ಣ ಒಂದು ಹನಿಗೆ ತಟ್ಟನೆ ಹಸಿರಾಗುತ್ತದೆ. ಎಷ್ಟು ವರ್ಷ ನೋಡಿದರೂ ಆ ಹನಿಯ ಹೊತ್ತಿಗೆ ನನ್ನ ಮಾತು ನಿಲ್ಲುತ್ತದೆ. ಹುಡುಗನ ಹೊಲದ್ದು 0.42 ಬಂತು. ಗೇಲ್ ಕುಳಿಯ ಕೆಸರುಗಲ್ಲಿನಲ್ಲಿ ಕ್ಯೂರಿಯಾಸಿಟಿ ರೋವರ್ ಕಂಡದ್ದು ಹೆಚ್ಚೆಂದರೆ 0.027. ಅದೂ ಜೀವಿಗಳು ಬಿಟ್ಟುಹೋದದ್ದೆಂದು ಹೇಳುವಂತಿಲ್ಲ. ಎಲೆ ಕೊಳೆತಿಲ್ಲ, ಎರೆಹುಳು ಓಡಾಡಿಲ್ಲ. ಅದನ್ನು ಮಣ್ಣು ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ, ಹುಡಿ ಎನ್ನುತ್ತೇನೆ.

ಹಾಗಾದರೆ ಜೀವವಿರುವ ಮಣ್ಣನ್ನೇ ಹೊತ್ತೊಯ್ದರಾಯಿತಲ್ಲ? ಅದರ ರಗಳೆಯೂ ಅನುಭವಕ್ಕೆ ಬಂದಿದೆ. 1991ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್ 2 ಎಂಬ ಗಾಜಿನ ಲೋಕ ಕಟ್ಟಿ ಎಂಟು ಜನ ಎರಡು ವರ್ಷಕ್ಕೆಂದು ಒಳಗೆ ಸೇರಿದರು. ಹೊಲ, ಕಾಡು, ಪುಟ್ಟ ಸಮುದ್ರ ಎಲ್ಲವೂ ಒಳಗೇ. ಆದರೆ ಆಮ್ಲಜನಕ ಶೇ 20.9ರಿಂದ 14.5ಕ್ಕೆ ಇಳಿಯಿತು, ಮೆಟ್ಟಿಲು ಹತ್ತಿದರೂ ಏದುಸಿರು. ಕೊನೆಗೆ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಕಳ್ಳನನ್ನು ಹುಡುಕಿದರೆ ಸಿಕ್ಕಿದ್ದು ಕಾಂಪೋಸ್ಟ್ ತುಂಬಿದ ಫಲವತ್ತಾದ ಮಣ್ಣು. ಅದರೊಳಗಿನ ಸೂಕ್ಷ್ಮಜೀವಿಗಳು ಆಮ್ಲಜನಕ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಟ್ಟವು, ಅದನ್ನು ಹಸಿ ಕಾಂಕ್ರೀಟು ನುಂಗಿತು. ಗೊಬ್ಬರ ಎಷ್ಟು ಹಾಕಿದರೂ ಒಳ್ಳೆಯದೇ ಎನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ. ನಮ್ಮ ಹೊಲಕ್ಕೆ ಆಕಾಶವೇ ಮಾಳಿಗೆ, ಆದ್ದರಿಂದ ಇಲ್ಲಿ ನಡೆಯುತ್ತದೆ.

2019ರ ಜನವರಿಯಲ್ಲಿ ಚೀನಾದ ಚಾಂಗ್‌ಇ-4 ನೌಕೆಯೊಳಗೆ, ಚಂದ್ರನ ಆಚೆ ಬದಿಯಲ್ಲಿ, ಹತ್ತಿಯ ಬೀಜ ಮೊಳೆಯಿತು. ವರಲಕ್ಷ್ಮಿ ಹೈಬ್ರಿಡ್ ಹತ್ತಿ ಹುಟ್ಟಿದ ಊರಿನಲ್ಲಿರುವವನಿಗೆ ಕಿವಿ ನಿಮಿರದೆ ಇರುತ್ತದೆಯೇ? ಅದು ಮೊಳೆತದ್ದು ಭೂಮಿಯಿಂದ ಒಯ್ದ ಮಣ್ಣಿನಲ್ಲಿ. ಚಂದ್ರನ ದೀರ್ಘ ರಾತ್ರಿ ಬಂದೊಡನೆ ಚಳಿಗೆ ಸತ್ತಿತು. 2025ರಲ್ಲಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ಪ್ರಯೋಗಕ್ಕಾಗಿ ಹೆಸರು, ಮೆಂತೆ ಕಾಳುಗಳು ಅಂತರಿಕ್ಷ ನಿಲ್ದಾಣಕ್ಕೆ ಹೋದವು. ಶುಭಾಂಶು ಶುಕ್ಲಾ ಅವುಗಳಿಗೆ ನೀರುಣಿಸಿ ಮೊಳಕೆ ಬರಿಸಿದರು. ಹೆಮ್ಮೆಯ ಸಂಗತಿ. ಆದರೆ ಮೊಳಕೆಗೆ ಬುತ್ತಿ ಕಾಳಿನೊಳಗೇ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಹೆಸರು ಕಟ್ಟಿಡುವ ಮನೆಯವರಿಗೆಲ್ಲ ಇದು ಗೊತ್ತು. ಬುತ್ತಿ ತೀರಿದ ಮೇಲೆ ಬೇರು ಏನನ್ನು ತಿನ್ನಬೇಕು ಎಂಬಲ್ಲಿಂದ ನನ್ನ ಕೆಲಸ ಶುರುವಾಗುತ್ತದೆ.

ಬೇರೆ ನಕ್ಷತ್ರಗಳ ಗ್ರಹಗಳ ಬಗ್ಗೆಯೂ ಹುಡುಗ ಕೇಳಿದ. ಪಕ್ಕದ ಮಂಗಳಕ್ಕೇ ತಿಂಗಳುಗಟ್ಟಲೆ ಬೇಕು: ನಮ್ಮ ಮಂಗಳಯಾನ 2013ರ ನವೆಂಬರ್ 5ರಂದು ಹೊರಟು ಮರುವರ್ಷ ಸೆಪ್ಟೆಂಬರ್ 24ಕ್ಕೆ ಮಂಗಳನ ಕಕ್ಷೆ ಸೇರಿತು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರಕ್ಕೂ ಗ್ರಹವಿದೆ. ಸೆಕೆಂಡಿಗೆ 17 ಕಿಲೋಮೀಟರ್ ಓಡುವ ವಾಯೇಜರ್ 1 ನೌಕೆಯ ವೇಗದಲ್ಲಿ ಅಲ್ಲಿಗೆ 70 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಮನುಷ್ಯ ಬಿತ್ತಲು ಕಲಿತೇ ಹತ್ತು ಹನ್ನೆರಡು ಸಾವಿರ ವರ್ಷವಾಗಿದೆ. ಆ ಮಣ್ಣಿನ ಚೀಲ ನನ್ನ ಮೇಜಿಗೆ ಬರುವುದಿಲ್ಲ.

‘ಮಂಗಳನ ಚೀಟಿ ಬರೆಯಿರಿ’ ಎಂದು ಹುಡುಗ ಪಟ್ಟು ಬಿಡಲಿಲ್ಲ. ಶಿಫಾರಸಿನ ಕಾಲಂ ಹೇಳುತ್ತ ಹೋದೆ. ಪರ್ಕ್ಲೋರೇಟ್ ನೀರಿನಲ್ಲಿ ಕರಗುತ್ತದೆ. ಮಲಪ್ರಭಾ ಕಾಲುವೆಯ ಸವಳು ಹೊಲಗಳಲ್ಲಿ ಮಾಡುವಂತೆ ಮಡಿಯಲ್ಲಿ ನೀರು ನಿಲ್ಲಿಸಿ, ಬಸಿಗಾಲುವೆಯಲ್ಲಿ ಹೊರಗೆ ಬಿಡಬೇಕು. ಅಲ್ಲಿಯ ಗಾಳಿಯ ಒತ್ತಡ ಇಲ್ಲಿಯದರ ಶೇ 1ಕ್ಕಿಂತ ಕಡಿಮೆ, ಬಯಲಲ್ಲಿ ನೀರು ನಿಲ್ಲದು, ಆದ್ದರಿಂದ ಎಲ್ಲವೂ ಗಾಜಿನ ಮನೆಯೊಳಗೇ. ನೀರಿಗೆ ನೆಲದಡಿಯ ಮಂಜುಗಡ್ಡೆ ಇದೆ. ಫೀನಿಕ್ಸ್ ಅದನ್ನೂ ಕೆದಕಿ ತೋರಿಸಿದೆ. ತೊಳೆದ ಮೇಲೆ ಕೊಟ್ಟಿಗೆ ಗೊಬ್ಬರ.

ಅಷ್ಟು ಹೊತ್ತು ಬಸ್ಸಿನ ವೇಳೆ ನೋಡುತ್ತ ಕುಳಿತಿದ್ದ ತಂದೆ ತಲೆ ಎತ್ತಿದರು. ‘ನೀರು ಸಿಕ್ಕಿತು ಅನ್ನಿ. ದನ?’