ಬೆಟ್ಟ ಹತ್ತಿದ ಕಾಲುನೋವು, ಬೈಗುಳ ಮಾತ್ರೆಗೆ

ದೀಪಾವಳಿ ಕಳೆದ ವಾರ ಚಿಕ್ಕಮಗಳೂರಿನ ಯಾವ ಕ್ಲಿನಿಕ್‌ಗೆ ಹೋದರೂ ಕಾಲುನೋವಿನವರು ಸಿಗುತ್ತಾರೆ. ದೇವೀರಮ್ಮನ ಬೆಟ್ಟ ಹತ್ತಿ ಇಳಿದವರು. ಆದರೆ ಕೆಲವರು ಬೆಟ್ಟದ ಮಾತೇ ಎತ್ತುವುದಿಲ್ಲ. "ಡಾಕ್ಟ್ರೇ, ಆ ಕೊಲೆಸ್ಟ್ರಾಲ್ ಮಾತ್ರೆ ನಂಗೆ ಆಗಿಬರ್ತಿಲ್ಲ, ಬಿಟ್ಬಿಟ್ಟೆ" ಅನ್ನುತ್ತಾರೆ.

ಅನುಮಾನ ಸುಮ್ನೆ ಬಂದದ್ದಲ್ಲ. ಕೊಲೆಸ್ಟ್ರಾಲ್ ಇಳಿಸಲು ಕೊಡುವ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್‌ನಂಥ ಸ್ಟಾಟಿನ್ ಮಾತ್ರೆಗಳಿಂದ ಕೆಲವರಿಗೆ ಸ್ನಾಯು ನೋವು ಬರುವುದು ನಿಜ. ಆದರೆ ಅದಕ್ಕೊಂದು ಲಕ್ಷಣವಿದೆ. ಸಾಮಾನ್ಯವಾಗಿ ಎರಡೂ ತೊಡೆ, ಎರಡೂ ಮೀನಖಂಡ ಒಟ್ಟಿಗೆ ನೋಯುತ್ತವೆ. ಮಾತ್ರೆ ಶುರುವಾದ ಅಥವಾ ಡೋಸ್ ಏರಿಸಿದ ಮೊದಲ ಕೆಲವು ವಾರಗಳಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಒಂದೇ ಮಂಡಿ ನೋಯುತ್ತಾ, ಮೆಟ್ಟಿಲು ಇಳಿಯುವಾಗ ಕಟಕಟ ಅನ್ನುತ್ತಿದ್ದರೆ ಅದು ಬಹುತೇಕ ಮಂಡಿ ಸವೆತ. ಮೂರು ವರ್ಷದಿಂದ ಅದೇ ಡೋಸ್ ನುಂಗುತ್ತಿದ್ದು, ಕಾಫಿ ಕೊಯ್ಲಿನ ಹೊತ್ತಿಗೆ ಮೈಕೈ ನೋವು ಬಂದರೆ ನಾನಂತೂ ಮೊದಲು ತೋಟದ ಕೆಲಸ ವಿಚಾರಿಸುತ್ತೇನೆ.

2020ರಲ್ಲಿ ಬ್ರಿಟನ್ನಿನ ವೈದ್ಯರು ಒಂದು ಒಳ್ಳೆಯ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ತೊಂದರೆಯಾಯಿತೆಂದು ಸ್ಟಾಟಿನ್ ಬಿಟ್ಟಿದ್ದ 60 ಜನಕ್ಕೆ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಔಷಧವಿಲ್ಲದ ಖಾಲಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ. ಯಾವುದು ನಿಜ, ಯಾವುದು ಖಾಲಿ ಅಂತ ಅವರಿಗೆ ಗೊತ್ತಿರಲಿಲ್ಲ. ಸ್ಟಾಟಿನ್‌ನಿಂದ ಆದ ತೊಂದರೆಯ ಸುಮಾರು ಶೇ 90ರಷ್ಟು ಖಾಲಿ ಮಾತ್ರೆಯಿಂದಲೂ ಆಗಿತ್ತು! ಹಾಗಂತ ನೋವು ಸುಳ್ಳಲ್ಲ. ನೋವು ಇತ್ತು, ಕಾರಣ ಬೇರೆ ಇತ್ತು.

ಹಾಗಾಗಿ ನೀವಾಗೇ ಬಿಡಬೇಡಿ, ಬಂದು ಹೇಳಿ. ಸ್ನಾಯುವಿಗೆ ಹಾನಿಯಾಗಿದೆಯೇ ಅಂತ ನೋಡಲು ಸಿಪಿಕೆ ಅನ್ನೋ ರಕ್ತಪರೀಕ್ಷೆ ಇದೆ. ಥೈರಾಯ್ಡ್ ಕೂಡ ನೋಡುತ್ತೇವೆ. ಅದು ಕಮ್ಮಿಯಿದ್ದರೆ ಕೊಲೆಸ್ಟ್ರಾಲೂ ಏರುತ್ತದೆ, ಸ್ನಾಯುವೂ ನೋಯುತ್ತದೆ. ಮಾತ್ರೆಯದೇ ತಪ್ಪು ಅಂತಾದರೂ ಡೋಸ್ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು, ಕೊಲೆಸ್ಟ್ರಾಲ್ ಇಳಿಸುವ ಬೇರೆ ಬಗೆಯ ಮಾತ್ರೆ ಎಜೆಟಿಮೈಬ್ ಸೇರಿಸಬಹುದು. ಸ್ಟೆಂಟ್ ಹಾಕಿಸಿಕೊಂಡವರು ಹೇಳದೆ ಕೇಳದೆ ನಿಲ್ಲಿಸುವುದೇ ನನಗೆ ಹೆಚ್ಚು ಭಯ ಹುಟ್ಟಿಸುವ ವಿಷಯ.

ಇದಕ್ಕೊಂದು ಅಪವಾದ ಇದೆ. ಕೂತಲ್ಲಿಂದ ಏಳಲಾಗದಷ್ಟು ನಿತ್ರಾಣ, ಕರಿ ಕಾಫಿ ಬಣ್ಣದ ಮೂತ್ರ, ಇಲ್ಲವೇ ಕಣ್ಣು ಹಳದಿ ಆದರೆ ಆವತ್ತಿನ ಮಾತ್ರೆ ನಿಲ್ಲಿಸಿ, ಆವತ್ತೇ ಆಸ್ಪತ್ರೆಗೆ ಬನ್ನಿ. ಇದು ತೀರಾ ಅಪರೂಪ.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಹುಳುಕಡ್ಡಿಗೆ ಮೆಡಿಕಲ್ ಶಾಪ್‌ನಿಂದ ಇಟ್ರಾಕೊನಜೋಲ್ ತಂದು ನುಂಗುವವರು ಜಾಸ್ತಿ. ಸಿಮ್ವಾಸ್ಟಾಟಿನ್ ಅನ್ನೋ ಸ್ಟಾಟಿನ್ ಜೊತೆ ಅದು ಕೂಡದು. ಅಟೋರ್ವಾಸ್ಟಾಟಿನ್‌ನ ಪ್ರಮಾಣವನ್ನೂ ರಕ್ತದಲ್ಲಿ ಏರಿಸುತ್ತದೆ. ಕ್ಲಾರಿಥ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್ ಕಥೆಯೂ ಅದೇ. ಚರ್ಮದ ಡಾಕ್ಟರ ಹತ್ತಿರ ಹೋದಾಗಲೂ ಹಳೇ ಚೀಟಿ ತೋರಿಸಿ.

ಸಕ್ಕರೆ ಅಂಚಿನಲ್ಲಿರುವವರಿಗೆ ಸ್ಟಾಟಿನ್‌ನಿಂದ ಅದು ತುಸು ಏರಬಹುದು, ಆದರೂ ಹೃದಯಕ್ಕೆ ಆಗುವ ಲಾಭವೇ ದೊಡ್ಡದು. ಗರ್ಭಿಣಿಯಾದರೆ ಅಥವಾ ಆಗುವ ಯೋಚನೆಯಿದ್ದರೆ ಮೊದಲೇ ತಿಳಿಸಿ. ಸಿಮ್ವಾಸ್ಟಾಟಿನ್ ರಾತ್ರಿ ಒಳ್ಳೆಯದು. ಅಟೋರ್ವಾ, ರೋಸುವಾ ಯಾವ ಹೊತ್ತಿಗಾದರೂ ಸರಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.